ಕುಂಬಾರನಿಗೆ ವರುಷ ಅಂತಾರೆ, ಆ ವರುಷ ಯಾರದು?

ಮಾರ್ಚ್ ತಿಂಗಳು ಬಂತಂದ್ರೆ ಸಾಕು, ನಮ್ ಬಳ್ಳಾರಿ ಸೀಮೆಯಾಗೆ ಮನೆಮನೆಗೂ ಒಂದು ಹೊಸ ಗಡಿಗೆ ಬರ್ತೈತೆ. ಫ್ರಿಜ್ ಇದ್ದೋರ ಮನೆಗೂ ಬರ್ತೈತೆ. ತರೋಕೆ ಹೋದಾಗ ನಾವೆಲ್ಲ ಮಾಡೋದು ಒಂದೇ. ಗಡಿಗೆ ಎತ್ತಿ ಬೆರಳಿನ ಗೆಣ್ಣಿಲೆ ಬಡಿದು ನೋಡ್ತೀವಿ. ಟಣ್ ಅಂದ್ರೆ ಚಂದ ಸುಟ್ಟೈತೆ, ಬದ್ ಅಂದ್ರೆ ಎಲ್ಲೋ ಬಿರುಕು ಐತೆ. ಆಮ್ಯಾಲೆ ಚೌಕಾಸಿ ಶುರು ಮಾಡ್ತೀವಿ. "ಮಣ್ಣೇನು ರೊಕ್ಕ ಕೊಟ್ಟು ತಂದಿದ್ದಾ? ತಿಗರಿ ಮ್ಯಾಲೆ ಇಟ್ರೆ ಎರಡು ನಿಮಿಷದ ಕೆಲಸ, ಅದಕ್ಕೆ ಇಷ್ಟು ರೇಟಾ?" ಅಂತೀವಿ.

ಎರಡು ನಿಮಿಷ ಅನ್ನೋ ಮಾತು ಸುಳ್ಳೇನಲ್ಲ. ಕೈ ಪಳಗಿದ ಕುಂಬಾರ ತಿಗರಿ ಮುಂದೆ ಕುಂತ್ರೆ ಸಣ್ಣ ಕುಡಿಕೆಯೊಂದು ನಿಮಿಷದೊಳಗೆ ಎದ್ದು ನಿಲ್ತೈತೆ. ಆದ್ರೆ ನಮ್ ಹಿರೇರು ಇನ್ನೊಂದು ಮಾತು ಹೇಳಿದ್ದಾರಲ್ಲ, "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಅಂತ. ಎರಡು ನಿಮಿಷಕ್ಕೆ ಗಡಿಗೆ ಏಳೋದಾದ್ರೆ ಈ ವರುಷ ಎಲ್ಲಿಂದ ಬಂತು? ಅದನ್ನ ಹುಡುಕ್ತಾ ಹೋದ್ರೆ ನಮ್ ಕುರುಗೋಡಿನ ಆಜುಬಾಜಿನಾಗೇ ನಾಲ್ಕು ಸಾವಿರ ವರ್ಷದ ಕಥೆ ಸಿಗ್ತೈತೆ. ಅದರಾಗೆ ಅರ್ಧಕ್ಕಿಂತ ಹೆಚ್ಚು ನಮ್ಮಂಥ ಹೆಣ್ಣುಮಕ್ಕಳ ಕಥೆ.

ಮೊದಲು ತಿಗರಿ ಅಂದ್ರೆ ಏನು, ನೋಡೋಣ

ತಿಗರಿ ತಿಳೀಬೇಕಂದ್ರೆ ಬೀಸೋ ಕಲ್ಲು ನೆನಸ್ಕೊಳ್ರಿ. ಕೆಳಗಿನ ಕಲ್ಲಿಗೆ ನಡುವೆ ಒಂದು ಗೂಟ, ಅದರ ಮ್ಯಾಲೆ ತಿರುಗೋ ಭಾರದ ಕಲ್ಲು. ಶುರುವಿಗೆ ತಿರುಗಿಸೋಕೆ ರಟ್ಟೆ ನೋಯ್ತೈತೆ, ಒಂದು ಸಲ ಓಟ ಹಿಡೀತಂದ್ರೆ ಅದರ ಭಾರವೇ ಅದನ್ನ ಎಳ್ಕೊಂಡು ಹೋಗ್ತೈತೆ. ತಿಗರಿಯೂ ಹಂಗೇ. ನೆಲದಾಗೆ ಗಟ್ಟಿಯಾಗಿ ಹೂತಿರೋ ಮೊಳೆ, ಅದರ ಮ್ಯಾಲೆ ಕೂತಿರೋ ದೊಡ್ಡ ಗಾಲಿ. ಗಾಲಿಯ ಅಂಚಿಗೆ ಭಾರ ಜಾಸ್ತಿ ಇರಬೇಕು. ಭಾರ ನಡುವೆ ಇದ್ರೆ ಬೇಗ ನಿಂತು ಹೋಗ್ತೈತೆ, ಅಂಚಿನಾಗೆ ಇದ್ರೆ ಬಹಳ ಹೊತ್ತು ತಿರುಗ್ತೈತೆ. ಅದಕ್ಕೇ ಹಳೇ ಕಾಲದ ಕಟ್ಟಿಗೆ ಗಾಲಿಗೆ ಸುತ್ತಲೂ ದಪ್ಪಗೆ ಮಣ್ಣು ಮೆತ್ತಿ ಒಣಗಿಸ್ತಿದ್ರು. ಗಾಲಿಯಾಗೆ ಒಂದು ತೂತು, ಅದಕ್ಕೆ ಕೋಲು ಸಿಕ್ಕಿಸಿ ಜೋರಾಗಿ ತಿರುವಿ, ಕೋಲು ತೆಗೆದಿಟ್ಟು, ಗಾಲಿ ತನ್ನಷ್ಟಕ್ಕೆ ತಿರುಗೋ ಆ ಸ್ವಲ್ಪ ಹೊತ್ತಿನಾಗೆ ಕೈಕೆಲಸ ಮುಗಿಸಬೇಕು. ನಿಧಾನ ಆದ್ರೆ ಮತ್ತೆ ಕೋಲು.

ಕೈಕೆಲಸದಾಗೆ ನಾಲ್ಕು ಹಂತ ಅದಾವೆ. ಮೊದಲನೇದು ಮಣ್ಣಿನ ಮುದ್ದೆಯನ್ನ ಗಾಲಿಯ ನಟ್ಟನಡುವೆ ಕೂಡ್ರಿಸೋದು. ಇದೇ ಎಲ್ಲಕ್ಕಿಂತ ಕಷ್ಟದ್ದು. ಮುದ್ದೆ ಒಂದು ಬೆರಳಷ್ಟು ಪಕ್ಕಕ್ಕೆ ಇದ್ರೂ ತಿರುಗೋವಾಗ ತೂರಾಡ್ತೈತೆ, ಒಂದು ಗೋಡೆ ದಪ್ಪ, ಇನ್ನೊಂದು ತೆಳ್ಳಗೆ ಬಂದು ಕಡೀಗೆ ಕುಸೀತೈತೆ. ಒದ್ದೆ ಕೈಲೆ ಎರಡೂ ಕಡೆಯಿಂದ ಗಟ್ಟಿಯಾಗಿ ಹಿಡಿದು, ಮೊಣಕೈ ಅಲುಗಾಡದಂಗೆ ತೊಡೆಗೆ ಒತ್ಕೊಂಡು ಕೂಡಬೇಕು. ಕೈ ಅಲುಗದೇ ಇದ್ರೆ ಮಣ್ಣೇ ಸರಿದು ನಡುವಿಗೆ ಬರ್ತೈತೆ. ಎರಡನೇದು ಹೆಬ್ಬೆರಳು ನಡುವೆ ಒತ್ತಿ ಬಾಯಿ ತೆಗೆಯೋದು. ಮೂರನೇದು ಗೋಡೆ ಎತ್ತೋದು. ಒಂದು ಕೈ ಬೆರಳು ಒಳಗೆ, ಒಂದು ಕೈ ಬೆರಳು ಹೊರಗೆ, ಎರಡರ ನಡುವೆ ಮಣ್ಣು ಸಣ್ಣಗೆ ಒತ್ತಿ ಕೆಳಗಿನಿಂದ ಮ್ಯಾಲಕ್ಕೆ ತರಬೇಕು. ಹಿಂಗೆ ಎರಡು ಮೂರು ಸಲ. ಗಾಲಿ ಬಹಳ ಜೋರಿದ್ರೆ ಮಣ್ಣು ಹೊರಗೆ ಅಗಲ ಆಗಿ ಹಾರಿಬಿಡ್ತೈತೆ, ಅದಕ್ಕೆ ನಡುವಿಗೆ ಕೂಡ್ರಿಸೋವಾಗ ಜೋರು, ಗೋಡೆ ಎತ್ತೋವಾಗ ಸ್ವಲ್ಪ ನಿಧಾನ. ನಾಲ್ಕನೇದು ಕಂಠ, ಬಾಯಿ ತಿದ್ದಿ, ಒದ್ದೆ ದಾರ ಎಳೆದು ಬುಡ ಕತ್ತರಿಸಿ ಇಳಿಸೋದು.

ಎರಡು ನಿಮಿಷ ಅಂದ್ರೆ ಇದು. ಇದಿಷ್ಟೇ ನಮ್ ಕಣ್ಣಿಗೆ ಬೀಳೋದು.

ಉಳಿದ ವರುಷ

ಗಾಲಿ ಮ್ಯಾಲೆ ಬರೋಕೆ ಮೊದಲು ಆ ಮಣ್ಣಿಗೆ ದಿನಗಟ್ಟಲೆ ಕೆಲಸ ಐತೆ. ನಮ್ ಕಡೆ ಎರೆಮಣ್ಣು ಗೊತ್ತಲ್ಲ, ಮಳೆ ಬಂದ್ರೆ ಉಬ್ತೈತೆ, ಬ್ಯಾಸಿಗೆಗೆ ಕಾಲು ಹೋಗೋವಷ್ಟು ಬಿರುಕು ಬಿಡ್ತೈತೆ. ಬರೀ ಎರೆಯಿಂದ ಗಡಿಗೆ ಮಾಡಿದ್ರೆ ಅದೂ ಹಂಗೇ ಬಿರೀತೈತೆ. ಅದಕ್ಕೇ ಕೆರೆ ಅಂಗಳದ ಜಿಗುಟು ಮಣ್ಣು ತಂದು, ಕೆಮ್ಮಣ್ಣು ಬೆರೆಸಿ, ಸಣ್ಣ ಉಸುಕೋ ಬೂದಿಯೋ ಲದ್ದಿಯೋ ಸೇರಿಸ್ತಾರೆ. ಜಿಗುಟು ಮಣ್ಣಿನ ಕಣ ಹಪ್ಪಳದಂಗೆ ಚಪ್ಪಟೆ. ನಡುವೆ ನೀರು ಸೇರಿದ್ರೆ ಒಂದರ ಮ್ಯಾಲೊಂದು ಜಾರ್ತಾವೆ, ಅದಕ್ಕೇ ಹೆಂಗೆ ಎಳೆದ್ರೂ ಹಂಗೆ ಬರ್ತೈತೆ. ಉಸುಕು, ಬೂದಿ ಯಾಕಂದ್ರೆ, ಒಣಗೋವಾಗ ನೀರು ಹೊರಗೆ ಹೋಗೋಕೆ ದಾರಿ ಬೇಕು, ಸುಡೋವಾಗ ಸೀಳದಂಗೆ ಹಿಡಿತವೂ ಬೇಕು.

ಮಣ್ಣು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಕಲ್ಲು ಬೇರು ಆರಿಸಿ, ನೆನೆಹಾಕಿ, ತುಳಿದು ತುಳಿದು ಹದ ಮಾಡಬೇಕು. ಜೋಳದ ಹಿಟ್ಟಿಗೆ ಎಸರು ಹಾಕಿ ನಾದೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸರಿಯಾಗಿ ನಾದದಿದ್ರೆ ರೊಟ್ಟಿ ಅಂಚು ಸೀಳ್ತೈತೆ. ಮಣ್ಣಿಗೂ ಅದೇ ಕಾನೂನು. ಒಳಗೆ ಒಂದು ಗಾಳಿ ಗುಳ್ಳೆ ಉಳಿದ್ರೆ ತಿಗರಿ ಮ್ಯಾಲೆ ಬೆರಳಿಗೆ ತಟ್ಟಿ ಗೋಡೆ ತಪ್ಪಿಸ್ತೈತೆ.

ಗಾಲಿಯಿಂದ ಇಳಿದ ಮ್ಯಾಲೂ ಅದು ಇನ್ನೂ ಗಡಿಗೆ ಅಲ್ಲ. ಕಂಠ, ಬಾಯಿ ಮುಗಿದಿರ್ತೈತೆ, ಹೊಟ್ಟೆ ಬುಡ ದಪ್ಪ ದಪ್ಪ ಇರ್ತೈತೆ. ಅರ್ಧ ಆರಿ, ಬೆರಳಿಟ್ರೆ ಒತ್ತು ಬೀಳ್ತೈತೆ ಆದ್ರೆ ಕೈಗೆ ಅಂಟೋದಿಲ್ಲ, ಆ ಹದಕ್ಕೆ ಬಂದಾಗ ಒಳಗೆ ಒಂದು ದುಂಡು ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಲೆ ತಟ್ಟಿ ತಟ್ಟಿ ಹೊಟ್ಟೆ ಉಬ್ಬಿಸಿ ಬುಡ ದುಂಡಗೆ ಮಾಡ್ತಾರೆ. ನಮ್ ರೊಟ್ಟಿ ಬಡಿಯೋ ಹಂಗೇ, ಆದ್ರೆ ಒಳಗೊಂದು ಕೈ, ಹೊರಗೊಂದು ಕೈ. ಬುಡ ದುಂಡಗೆ ಯಾಕೆ ಬೇಕು? ಮೂಲೆ ಇದ್ದ ಕಡೆ ಬೆಂಕಿ ಬಿಸಿ ಹೆಚ್ಚುಕಮ್ಮಿ ಆಗಿ ಸೀಳ್ತೈತೆ. ದುಂಡು ಬುಡಕ್ಕೆ ಉರಿ ಸಮವಾಗಿ ಹತ್ತತೈತೆ, ಮೂರು ಕಲ್ಲಿನ ಒಲೆ ಮ್ಯಾಲೂ ಕೂಡ್ತೈತೆ, ತಲೆ ಮ್ಯಾಲಿನ ಸಿಂಬಿಗೂ ಕೂಡ್ತೈತೆ.

ಆಮ್ಯಾಲೆ ನೆರಳಾಗೆ ಒಣಗಿಸೋದು, ಕೆಮ್ಮಣ್ಣಿನ ತಿಳಿ ಹಚ್ಚಿ ಉಜ್ಜೋದು, ಕಟ್ಟಿಗೆ ಕುಳ್ಳು ಕೂಡಿಹಾಕೋದು, ಆವಿಗೆ ಒಟ್ಟೋದು. ಒಳಗೆ ಹಸಿ ಉಳಿದಿದ್ರೆ ನೀರು ಆವಿಯಾಗಿ ಗಡಿಗೇನೇ ಒಡೆದು ಹಾಕ್ತೈತೆ. ಸುಮಾರು 600 ಡಿಗ್ರಿ ಬಿಸಿ ದಾಟಿದ ಮ್ಯಾಲೆ ಮಣ್ಣಿನ ಕಣದೊಳಗೇ ಸೇರಿದ್ದ ನೀರೂ ಹೋಗಿರ್ತೈತೆ. ಅಲ್ಲಿಂದ ಮುಂದೆ ಎಷ್ಟು ನೀರಾಗೆ ಹಾಕಿದ್ರೂ ಅದು ಮತ್ತೆ ಕೆಸರಾಗೋದಿಲ್ಲ. ಮಳೆಯಾಗೆ ಆವಿಗೆ ಹಚ್ಚೋಕೆ ಆಗೋದಿಲ್ಲ, ಹಂಗಾಗಿ ಬ್ಯಾಸಿಗೆ ತುಂಬ ದುಡಿದು ವರುಷದ ಗಡಿಗೆ ಮಾಡಿಟ್ಕೋಬೇಕು.

ಈಗ ಲೆಕ್ಕ ಹಾಕ್ರಿ. ಇಡೀ ದೇಶದಾಗೆ ಬಹಳಷ್ಟು ಕಡೆ ತಿಗರಿ ಮುಂದೆ ಕೂಡೋದು ಗಂಡಸರು, ಹೆಂಗಸರು ತಿಗರಿ ತಿರುವಬಾರದು ಅನ್ನೋ ಕಟ್ಟಳೆ. ಆದ್ರೆ ಮಣ್ಣು ಕುಟ್ಟೋದು, ಜರಡಿ, ನೀರು ಹೊರೋದು, ತಿಳಿ ಹಚ್ಚೋದು, ಕುಳ್ಳು ತಟ್ಟೋದು, ಬುಟ್ಟಿಯಾಗೆ ಹೊತ್ಕೊಂಡು ಊರೂರು ಮಾರೋದು, ಇದರಾಗೆ ಬಹುಪಾಲು ಹೆಂಗಸರು ಮಕ್ಕಳು. ಗಾದೆಯಾಗೆ ಕುಂಬಾರನ ಹೆಸರು ಐತೆ. ವರುಷದಾಗೆ ಮನೆ ಮಂದಿ ಎಲ್ಲ ಅದಾರೆ.

ತಿಗರಿ ಇಲ್ಲದ ಕಾಲದ ಗಡಿಗೆ

ಹಂಗಾದ್ರೆ ತಿಗರಿ ಬರೋಕೆ ಮುಂಚೆ? ಇದನ್ನ ತಿಳಿಯೋಕೆ ನಾವು ಬಹಳ ದೂರ ಹೋಗಬೇಕಿಲ್ಲ. ಕುರುಗೋಡಿಗೆ ಉತ್ತರಕ್ಕೆ ತೆಕ್ಕಲಕೋಟೆ, ದಕ್ಷಿಣಕ್ಕೆ ಬಳ್ಳಾರಿ ಹತ್ತಿರದ ಸಂಗನಕಲ್ಲು. ಎರಡೂ ಊರಿನ ಗುಡ್ಡದ ಮ್ಯಾಲೆ ಹೊಸ ಶಿಲಾಯುಗದ ಮಂದಿ ಬಾಳಿದ್ರು. ಬಳ್ಳಾರಿ ಗುಡ್ಡದಾಗಿನ ಕಲ್ಲು ಕೊಡಲಿಗಳನ್ನ ಮೊದಲು ಲೋಕಕ್ಕೆ ತೋರಿಸಿದೋರು ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ, ಹತ್ತೊಂಬತ್ತನೇ ಶತಮಾನದಾಗೆ. ಬಿ. ಸುಬ್ಬರಾವ್ ಅವರು ಸಂಗನಕಲ್ಲು ಅಗೆದು 1948ರಲ್ಲಿ ಬಳ್ಳಾರಿಯ ಶಿಲಾಯುಗದ ಮ್ಯಾಲೆ ಪುಸ್ತಕ ಬರೆದ್ರು. ತೆಕ್ಕಲಕೋಟೆಯನ್ನ ಎಂ. ಎಸ್. ನಾಗರಾಜರಾವ್ ಅವರು ಅಗೆಸಿದ್ರು, ಅದರ ವರದಿ 1965ರಲ್ಲಿ ಪುಸ್ತಕವಾಗಿ ಬಂತು.

ಅಲ್ಲಿ ಸಿಕ್ಕ ಹಳೇ ಗಡಿಗೆಗಳು ಹೆಚ್ಚಾಗಿ ಬೂದು ಬಣ್ಣದವು, ಕೈಲೆ ಮಾಡಿದವು. ತಿಗರಿ ಇಲ್ಲದೇ ಗಡಿಗೆ ಮಾಡೋ ರೀತಿ ಹಿಂಗೆ. ಮಣ್ಣನ್ನ ಶಾವಿಗೆ ಹೊಸೆದಂಗೆ ಉದ್ದಕ್ಕೆ ದಪ್ಪಗೆ ಹೊಸೆದು, ಚಕ್ಕುಲಿ ಸುತ್ತಿದಂಗೆ ಸುತ್ತಿ ಸುತ್ತಿ ಒಂದರ ಮ್ಯಾಲೊಂದು ಏರಿಸಿ, ಬೆರಳಿನಿಂದ ಸಂದು ಮುಚ್ಚಿ, ಹಲಗೆಲೆ ತಟ್ಟಿ, ನುಣ್ಣನೆ ಕಲ್ಲಿಲೆ ಉಜ್ಜಿ ಹೊಳಪು ತರೋದು. ಆ ಗಡಿಗೆಯಾಗೆ ಏನು ಬೇಯ್ತಿತ್ತು ಅನ್ನೋದೂ ಗೊತ್ತಾಗೈತೆ. ಸಂಗನಕಲ್ಲಿನ ಮಣ್ಣು ಸೋಸಿದಾಗ ಸುಟ್ಟು ಕರಿಕಾದ ಕಾಳು ಸಿಕ್ಕಿದಾವೆ: ಕೊರಲೆ, ಹೆಸರು, ಹುರುಳಿ. ಜೋಳ ಆಗಿನ್ನೂ ನಮ್ ಸೀಮೆಗೆ ಬಂದಿರಲಿಲ್ಲ, ಅದು ಆಫ್ರಿಕಾದಿಂದ ಬಂದ ಬೆಳೆ. ರೊಟ್ಟಿ ಇಲ್ಲದ ಬಳ್ಳಾರಿ ನೆನಸ್ಕೊಳ್ಳೋಕೇ ಆಗೋದಿಲ್ಲ, ಆದ್ರೆ ಹುರುಳಿ ಕಟ್ಟು ಆಗಲೂ ಇದ್ದಿರಬೇಕು ಅನ್ನಿಸ್ತೈತೆ!

ತೆಕ್ಕಲಕೋಟೆಯಾಗೆ ಇನ್ನೊಂದು ಸಿಕ್ಕೈತೆ, ಓದಿದಾಗ ಹೊಟ್ಟೆಯಾಗೆ ಸಂಕಟ ಆಗ್ತೈತೆ. ಎಳೇ ಕೂಸು ತೀರಿಕೊಂಡ್ರೆ ಅದನ್ನ ಗಡಿಗೆಯೊಳಗೆ ಇಟ್ಟು, ತಾವು ಬಾಳೋ ಜಾಗದಾಗೇ ಹೂಳ್ತಿದ್ರು. ಮುಂದಿನ ಕಾಲಕ್ಕೆ ದೊಡ್ಡೋರನ್ನೂ ಮೂರು ನಾಲ್ಕು ಗಡಿಗೆ ಬಾಯಿಗೆ ಬಾಯಿ ಜೋಡಿಸಿ ಮಲಗಿಸಿ ಅದರಾಗೆ ಇಡೋ ಪದ್ಧತಿ ಬಂತು. ಗಡಿಗೆಯ ದುಂಡು ಹೊಟ್ಟೆ ನೋಡಿದ್ರೆ ಆ ತಾಯಂದಿರು ಯಾಕೆ ಅದನ್ನೇ ಆರಿಸ್ಕೊಂಡ್ರು ಅಂತ ಬಿಡಿಸಿ ಹೇಳಬೇಕಿಲ್ಲ. ಬಂದ ಕಡೆಗೇ ವಾಪಸ್ ಕಳಿಸಿದಂಗೆ. ಅಡಿಗೆಗೂ ಗಡಿಗೆ, ಕಾಳಿಗೂ ಗಡಿಗೆ, ಕಡೀಗೂ ಗಡಿಗೆ.

ಈ ಕೈಗಡಿಗೆ ಯಾರು ಮಾಡ್ತಿದ್ರು? ಬೆರಳ ಗುರುತು ಹೆಸರು ಹೇಳೋದಿಲ್ಲ ಖರೆ. ಆದ್ರೆ ಲೋಕದಾಗೆ ಈಗಲೂ ಎಲ್ಲೆಲ್ಲಿ ತಿಗರಿ ಇಲ್ಲದೇ ಮನೆ ಬಳಕೆಗೆ ಗಡಿಗೆ ಮಾಡ್ತಾರೋ ಅಲ್ಲೆಲ್ಲ ಬಹಳ ಮಟ್ಟಿಗೆ ಅದು ಹೆಂಗಸರ ಕೆಲಸ. ಆಫ್ರಿಕಾದ ಬಹಳ ಊರಾಗೆ ಹಂಗೇ ಐತೆ. ನಮ್ ದೇಶದ ಮಣಿಪುರದಾಗೆ ಥೋಂಗ್ಜಾವೊ ಅನ್ನೋ ಊರಿನ ಹೆಂಗಸರು ತಿಗರಿ ಮುಟ್ಟೋದೇ ಇಲ್ಲ. ಗಡಿಗೆಯನ್ನ ಎತ್ತರದ ಪೀಠದ ಮ್ಯಾಲಿಟ್ಟು ತಾವೇ ಅದರ ಸುತ್ತ ತಿರುಗ್ತಾ ತಿದ್ತಾರೆ. ಗಾಲಿ ತಿರುಗೋದಿಲ್ಲ, ಅವ್ವಾರೇ ತಿರುಗ್ತಾರೆ! ಆ ಊರಿನ ನೀಲಮಣಿ ದೇವಿ ಅವರಿಗೆ 2007ರಲ್ಲಿ ಪದ್ಮಶ್ರೀ ಬಂತು. ಇದನ್ನೆಲ್ಲ ನೋಡಿದ್ರೆ ಸಂಗನಕಲ್ಲು ಗುಡ್ಡದ ಮ್ಯಾಲೆ ಮಣ್ಣು ಹೊಸೆದ ಕೈ ಬಳೆ ಹಾಕಿದ ಕೈ ಅನ್ನೋದು ನನ್ನ ನಂಬಿಕೆ.

ತಿಗರಿ ಬಂತು, ಕೈ ಬದಲಾತು

ತಿಗರಿ ಹುಟ್ಟಿದ್ದು ನಮ್ ಕಡೆ ಅಲ್ಲ. ಈಗಿನ ಇರಾಕ್ ದೇಶದ ಕಡೆ ಐದು ಸಾವಿರ ವರ್ಷಕ್ಕೂ ಹಿಂದೆಯೇ ಅದು ಇತ್ತು, ಹರಪ್ಪ ಮೊಹೆಂಜೊದಾರೊ ಮಂದಿಯೂ ತಿಗರಿ ಗಡಿಗೆ ಮಾಡ್ತಿದ್ರು. ನಮ್ ಸೀಮೆಗೆ ಅದು ನಿಧಾನಕ್ಕೆ ಬಂತು. ಬಂದ ದಾರಿಯನ್ನ ಚಂದಾಗಿ ತೋರಿಸೋದು ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಅಶೋಕನ ಶಾಸನ ಇರೋ ಊರು. ಅಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದಾಗ ಮೂರು ಪದರು ಕಂಡವು. ಎಲ್ಲಕ್ಕಿಂತ ಕೆಳಗೆ ಕಲ್ಲು ಕೊಡಲಿ ಕಾಲ, ಗಡಿಗೆ ಹೆಚ್ಚಾಗಿ ಕೈಲೆ ಮಾಡಿದ್ದು. ಅದರ ಮ್ಯಾಲೆ ಕಬ್ಬಿಣ ಮತ್ತು ಬೃಹತ್ ಶಿಲಾ ಸಮಾಧಿಗಳ ಕಾಲ, ನಿಧಾನ ತಿರುಗೋ ಗಾಲಿಯ ಗಡಿಗೆ. ಅದರ ಮ್ಯಾಲೆ ಶಾತವಾಹನರ ಕಾಲದ ಪದರು, ಜೋರು ತಿರುಗೋ ತಿಗರಿಯ ಗಡಿಗೆ. ಒಂದೇ ಗುಂಡಿಯಾಗೆ ಕೆಳಗಿನಿಂದ ಮ್ಯಾಲಕ್ಕೆ ಬಂದ್ರೆ ತಿಗರಿಯ ಇಡೀ ಚರಿತ್ರೆ.

ನಡುವಿನ ಕಾಲದ ಸಮಾಧಿಗಳು ಅಂದ್ರೆ ಗಂಗಾವತಿ ಕಡೆಯ ಹಿರೇಬೆಣಕಲ್ಲಿನಾಗೆ ಇರೋ ಕಲ್ಲು ಮನೆಗಳ ಹಂಗಿನವು. ಆ ಕಾಲದ ಒಂದು ಗಡಿಗೆ ಬಹಳ ಹೆಸರುವಾಸಿ: ಒಳಗೆ ಮತ್ತು ಬಾಯಿ ಹತ್ತಿರ ಕಪ್ಪು, ಹೊರಗೆ ಕೆಂಪು. ಎರಡು ಬಣ್ಣ ಬಳಿದಿದ್ದಲ್ಲ, ಎಲ್ಲ ಬೆಂಕಿ ಕೆಲಸ. ಮಣ್ಣಿನಾಗೆ ಕಬ್ಬಿಣದ ಅಂಶ ಇರ್ತೈತೆ. ಸುಡೋವಾಗ ಗಾಳಿ ಸಿಕ್ರೆ ಅದು ಕೆಂಪಾಗ್ತೈತೆ, ಗಾಳಿ ಸಿಗದೇ ಹೊಗೆ ಹಿಡಿದ್ರೆ ಕಪ್ಪಾಗ್ತೈತೆ. ಗಡಿಗೆಯನ್ನ ಬೋರಲು ಹಾಕಿ, ಬಾಯಿ ಹೊಟ್ಟು ಬೂದಿಯಾಗೆ ಮುಚ್ಚಿಹೋಗೋ ಹಂಗೆ ಇಟ್ಟು ಸುಟ್ರೆ ಒಳಗೆ ಕಪ್ಪು, ಹೊರಗೆ ಕೆಂಪು ತಾನಾಗೇ ಬರ್ತೈತೆ. ಒಲೆ ಮುಂದೆ ಹೊಗೆ ಕುಡಿದೋರಿಗೆ ಇದು ಬೇಗ ತಿಳೀತೈತೆ.

ತಿಗರಿ ಬಂದ ಮ್ಯಾಲೆ ಒಂದು ದಿನಕ್ಕೆ ಮನೆಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಗಡಿಗೆ ಆಗೋಕೆ ಶುರುವಾತು. ಹೆಚ್ಚಾದದ್ದು ಮಾರಾಟಕ್ಕೆ ಹೋಗಬೇಕು, ಮಾರಾಟ ಅಂದ್ರೆ ಅದು ಕಸುಬು. ಮನೆ ಕೆಲಸ ಕಸುಬಾದಾಗ ಗಾಲಿ ಮುಂದಿನ ಜಾಗ ಗಂಡಸರಿಗೆ ಹೋತು, ಹೆಸರೂ ಅವರಿಗೇ ಹೋತು. ಹಳ್ಳಿಯ ಹನ್ನೆರಡು ಮಂದಿ ಆಯಗಾರರಾಗೆ ಕುಂಬಾರನೂ ಒಬ್ಬ. ಸುಗ್ಗಿಯಾಗೆ ಕಣದಿಂದ ಅವನಿಗೆ ಕಾಳಿನ ಆಯ ಬರ್ತಿತ್ತು. ಆಯದ ಲೆಕ್ಕದಾಗೆ ಕುಂಬಾರ ಅಂತ ಒಂದೇ ಹೆಸರು, ಮಣ್ಣು ತುಳಿದ ಕಾಲಿಗೆ ಬೇರೆ ಹೆಸರಿಲ್ಲ.

ಆದ್ರೂ ಒಬ್ಬಾಕೆ ಹೆಸರು ಉಳಿದೈತೆ. ಹನ್ನೆರಡನೇ ಶತಮಾನದ ಶರಣ ಕುಂಬಾರ ಗುಂಡಯ್ಯ ಗೊತ್ತಲ್ಲ, ಬೀದರ ಸೀಮೆಯವರು. ಅವರು ಗಡಿಗೆ ತಟ್ಟೋ ನಾದಕ್ಕೆ ಶಿವನೇ ಇಳಿದು ಬಂದು ಕುಣಿದ ಅಂತ ನಮ್ ಹಂಪಿಯ ಕವಿ ಹರಿಹರ ರಗಳೆ ಬರೆದಾನೆ. ಶಿವ ಕುಣಿದದ್ದು ತಿಗರಿ ತಿರುಗಿದ್ದಕ್ಕಲ್ಲ, ತಟ್ಟಿದ ಸಪ್ಪಳಕ್ಕೆ ಅನ್ನೋದು ನನಗೆ ಬಹಳ ಹಿಡಿಸಿದ ಮಾತು. ಗುಂಡಯ್ಯನವರ ಹೆಂಡತಿ ಕೇತಲದೇವಿಯೂ ವಚನಕಾರ್ತಿ. ಆಕೆಯ ವಚನ ಶುರುವಾಗೋದೇ ಮಣ್ಣು ಹದಕ್ಕೆ ಬರದೇ ಪಾತ್ರೆ ಆಗೋದಿಲ್ಲ ಅನ್ನೋ ಅರ್ಥದ ಮಾತಿನಿಂದ. ತಿಗರಿ ಬಗ್ಗೆ ಅಲ್ಲ, ಮಣ್ಣಿನ ಹದದ ಬಗ್ಗೆ. ಆ ಹದ ಮಾಡಿದ ಕೈಗೇ ಹೊಳೆಯೋ ಮಾತು ಅದು.

ಹಂಪಿ ಅಂದ್ಮ್ಯಾಲೆ ಇನ್ನೊಂದು. ವಿಜಯನಗರದ ಹಾಳಿನಾಗೆ ಎಲ್ಲರೂ ಕಲ್ಲಿನ ರಥ, ಕಂಬ ನೋಡ್ತಾರೆ. ಕಾರ್ಲಾ ಸಿನೊಪೊಲಿ ಅನ್ನೋ ಅಮೆರಿಕದ ವಿದ್ವಾಂಸೆ ಅಲ್ಲಿನ ದೊಡ್ಡ ಮನೆತನದೋರ ಓಣಿಯಾಗೆ ಸಿಕ್ಕ ಮಡಿಕೆ ಚೂರುಗಳನ್ನೇ ಅಭ್ಯಾಸ ಮಾಡಿ 1993ರಲ್ಲಿ ಪುಸ್ತಕ ತಂದ್ರು. ಅಡಿಗೆ ಗಡಿಗೆ, ನೀರಿನ ಹರಿವೆ, ಪಣತಿ, ಎಲ್ಲ ಅದರಾಗೆ ಅದಾವೆ. ಚೀನಾದ ಪಿಂಗಾಣಿ ತರಿಸ್ಕೊಳ್ಳೋವಷ್ಟು ಸಿರಿವಂತರ ಓಣಿ ಅದು, ಆದ್ರೂ ಸಾರು ಕುದ್ದದ್ದು ಮಣ್ಣಿನ ಗಡಿಗೆಯಾಗೇ.

ನಮ್ ಕೈಯಾಗೆ ಉಳಿದದ್ದು

ಮದುವಿ ಅಂದ್ರೆ ಕುಂಬಾರರ ಮನೆಯಿಂದ ಐರಾಣಿ ಗಡಿಗೆ ಬರಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು, ಭಾದ್ರಪದಕ್ಕೆ ಜೋಕುಮಾರ. ಆ ಎತ್ತಾಗಲಿ ಜೋಕುಮಾರ ಆಗಲಿ ತಿಗರಿ ಮ್ಯಾಲೆ ಆಗೋದಿಲ್ಲ, ಕೈಲೇ ಮಾಡಬೇಕು. ತೆಕ್ಕಲಕೋಟೆ ಕಾಲದ ಕೈಗೆಲಸ ಹಬ್ಬದ ನೆಪದಾಗೆ ಇನ್ನೂ ಜೀವ ಹಿಡ್ಕೊಂಡೈತೆ ಅನ್ರಿ.

ನೀರಿನ ಗಡಿಗೆ ಯಾಕೆ ತಂಪು ಅನ್ನೋದೂ ಒಂದು ಮಾತು ಹೇಳಿಬಿಡ್ತೀನಿ, ಹುಡುಗರು ಕೇಳ್ತಾರೆ. ಗಡಿಗೆಗೆ ಕಣ್ಣಿಗೆ ಕಾಣದ ಸಣ್ಣ ತೂತು ಅದಾವೆ. ನೀರು ಜಿನುಗಿ ಹೊರಗೆ ಬಂದು ಆವಿಯಾಗ್ತೈತೆ, ಆವಿಯಾಗೋಕೆ ಬೇಕಾದ ಬಿಸಿಯನ್ನ ಒಳಗಿನ ನೀರಿನಿಂದ ಎಳ್ಕೊಳ್ತೈತೆ. ಬರೀ ಲೆಕ್ಕದ ಪ್ರಕಾರ ಒಂದು ಲೋಟ ನೀರು ಆರಿದ್ರೆ ಹತ್ತು ಲೀಟರ್ ನೀರು ಹತ್ತು ಡಿಗ್ರಿ ತಣ್ಣಗಾಗೋವಷ್ಟು ಬಿಸಿ ಹೋಗ್ತೈತೆ. ಹೊರಗಿನ ಬಿಸಿಲು ಮತ್ತೆ ಬಿಸಿ ಕೊಡ್ತಾನೇ ಇರೋದ್ರಿಂದ ಅಷ್ಟು ಪೂರಾ ತಂಪು ಸಿಗೋದಿಲ್ಲ. ನಮ್ ಬಳ್ಳಾರಿ ಗಾಳಿ ಒಣ ಗಾಳಿ, ಅದಕ್ಕೇ ಇಲ್ಲಿ ಗಡಿಗೆ ಚಲೋ ತಂಪು ಮಾಡ್ತೈತೆ, ಸಮುದ್ರದ ಕಡೆ ಊರಾಗೆ ಅಷ್ಟು ಆಗೋದಿಲ್ಲ. ಅಡಿಗೆ ಗಡಿಗೆ ಹೊಸದಿದ್ರೆ ಗಂಜಿ ಕಾಸ್ರಿ, ತೂತು ಮುಚ್ಚಿ ಸೋರೋದು ನಿಲ್ತೈತೆ. ನೀರಿನ ಗಡಿಗೆಗೆ ಮಾತ್ರ ಗಂಜಿ, ಎಣ್ಣೆ, ಬಣ್ಣ ಏನೂ ಬ್ಯಾಡ, ತೂತು ಮುಚ್ಚಿದ್ರೆ ತಂಪೂ ಹೋತು.

ಈಗ ಖಾದಿ ಗ್ರಾಮೋದ್ಯೋಗ ಆಯೋಗದೋರು 2018ರಿಂದ ಕುಂಬಾರರಿಗೆ ಕರೆಂಟಿನ ತಿಗರಿ ಕೊಡೋ ಯೋಜನೆ ನಡೆಸ್ತಾ ಬಂದಾರೆ. ಬೆಳಗಾವಿ ಜಿಲ್ಲೆಯ ಖಾನಾಪುರದಾಗೆ ಅವರದೇ ಕುಂಬಾರಿಕೆ ತರಬೇತಿ ಸಂಸ್ಥೆಯೂ ಐತೆ. ಕರೆಂಟಿನ ತಿಗರಿಗೆ ಕೋಲು ಬ್ಯಾಡ, ಎದ್ದು ಬಗ್ಗಿ ತಿರುವೋ ಕಸುವೂ ಬ್ಯಾಡ. ಗಾಲಿ ತಿರುವೋಕೆ ರಟ್ಟೆ ಬಲ ಬೇಕು, ಅದು ಹೆಂಗಸರ ಕೈಲಾಗೋದಿಲ್ಲ ಅನ್ನೋ ಹಳೇ ನೆಪ ಅಲ್ಲಿಗೆ ಮುಗೀತು. ಇನ್ನು ಕಟ್ಟಳೆ ಒಂದು ಉಳೀತು. ನಾಲ್ಕು ಸಾವಿರ ವರ್ಷದ ಹಿಂದೆ ನಮ್ ಗುಡ್ಡದ ಮ್ಯಾಲೆ ಇಲ್ಲದ ಕಟ್ಟಳೆ ಅದು, ಶಾಶ್ವತ ಅಂತ ಯಾಕೆ ತಿಳೀಬೇಕು?

ಬಳ್ಳಾರಿಗೆ ಆಸ್ಪತ್ರೆಗೋ ಸೀರೆ ತರೋಕೋ ಹೋದಾಗ ಒಂದು ತಾಸು ಉಳಿಸ್ಕೊಂಡು ಅಲ್ಲಿನ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನ ಕರ್ಕೊಂಡು ಹೋಗ್ರಿ. ಗಡಿಗೆ ಚೂರುಗಳನ್ನ ಸುಮ್ನೆ ದಾಟಿ ಹೋಗಬ್ಯಾಡ್ರಿ. ಒಳಮೈ ಮ್ಯಾಲೆ ಸುತ್ತಲೂ ಸಮನಾಗಿ ಗೆರೆ ಇದ್ರೆ ತಿಗರಿಯದು, ಗೆರೆ ಇಲ್ಲದೇ ಅಲ್ಲಲ್ಲಿ ತಗ್ಗು ಉಬ್ಬು ಇದ್ರೆ ಕೈಯದು, ಅಂತ ಮಕ್ಕಳಿಗೆ ತೋರಿಸ್ರಿ. ಮತ್ತೆ ಈ ಬ್ಯಾಸಿಗೆ ಗಡಿಗೆ ತರೋವಾಗ ಬಡಿದು ನೋಡೋದು ಬಿಡಬ್ಯಾಡ್ರಿ, ಅದು ನಮ್ ಹಕ್ಕು. ಚೌಕಾಸಿ ಮಾತ್ರ ಸ್ವಲ್ಪ ಕಮ್ಮಿ ಮಾಡೋಣ. ನಾವು ಎರಡು ನಿಮಿಷಕ್ಕಲ್ಲ, ಒಂದು ವರುಷಕ್ಕೆ ರೊಕ್ಕ ಕೊಡ್ತಿದೀವಿ.